ಮೌಶಿಯ ನಿಷಾದ

ಮೌಶಿಯ ಎರಡು ಕೈಗಳು ಒಬ್ಬರವೇ ಅನ್ನಿಸುತ್ತಿರಲಿಲ್ಲ. ಬಲಗೈ ಹೆಬ್ಬೆರಳಿನ ಉಗುರು ಉದ್ದ ಬೆಳೆದು ತುದಿಯಲ್ಲಿ ಹಳದಿಯಾಗಿತ್ತು. ಎಡಗೈ ಉಗುರುಗಳನ್ನು ಮಾತ್ರ ಬುಡದವರೆಗೆ ಕತ್ತರಿಸಿರುತ್ತಿದ್ದರು. ಆ ಕೈಯ ನಾಲ್ಕು ಬೆರಳ ತುದಿಗಳು ಹಳೆಯ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಇಸ್ತ್ರಿ ಕಾದಿದೆಯೋ ಇಲ್ಲವೋ ಎಂದು ಆ ಬೆರಳುಗಳಿಂದಲೇ ಮುಟ್ಟಿ ನೋಡುತ್ತಿದ್ದರು. ಬ್ಲೌಸ್ ಹೊಲಿಸಲು ಬಂದ ಹೆಂಗಸರು ಹೌಹಾರಿದರೆ, "ಸುಡೂದಿಲ್ಲವ್ವಾ. ಇವು ಸತ್ತ ಬೆರಳ. ಸತ್ತಾವಂತನ ಹಾಡತಾವ" ಎನ್ನುತ್ತಿದ್ದರು.

ಅಕ್ಕೋಳದಲ್ಲಿ ನಮ್ಮ ಮನೆಯಿಂದ ಮೂರನೆಯ ಬಾಗಿಲು ಅವರದು. ಅವರ ಮನೆಮಾತು ಮರಾಠಿ, ನಮ್ಮದು ಕನ್ನಡ. ಮೌಶಿ ಅಂದರೆ ಚಿಕ್ಕಮ್ಮ. ರಕ್ತಸಂಬಂಧ ಏನೂ ಇರಲಿಲ್ಲ, ಆದರೆ ಓಣಿಗೆಲ್ಲ ಅವರು ಮೌಶಿಯೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಆ ಮೇಜಿನ ಅರ್ಧ ಜಾಗ ಹಿಡಿದು ಮಲಗಿದ ಒಂದು ಗಿಟಾರು. ಅದರ ಕತ್ತು ಒಮ್ಮೆ ಮುರಿದಿದ್ದನ್ನು ಮಿರಜದಲ್ಲಿ ಸಿತಾರ ಮಾಡುವವರೊಬ್ಬರು ಜೋಡಿಸಿಕೊಟ್ಟಿದ್ದರು. ಜೋಡಿಸಿದ ಜಾಗದಲ್ಲಿ ತಮ್ಮ ಕಸುಬಿನ ಅಭ್ಯಾಸದಂತೆ ಒಂದು ಬಳ್ಳಿಯನ್ನೂ ಕೆತ್ತಿದ್ದರು. "ಗಿಟಾರಿಗೆ ಸೀರಿ ಉಡಿಸಿ ಕಳಿಸ್ಯಾನ" ಎಂದು ಮೌಶಿ ನಗುತ್ತಿದ್ದರು.

ಅವರ ಅಣ್ಣ ನಿಪ್ಪಾಣಿಯಲ್ಲಿ ಆರ್ಕೆಸ್ಟ್ರಾ ಕಟ್ಟಿದ್ದರಂತೆ. ಗಿಟಾರಿನವನು ತಾಲೀಮಿಗೆ ಬರುವುದಕ್ಕಿಂತ ತಪ್ಪಿಸುವುದೇ ಹೆಚ್ಚು. ನೋಡಿ ನೋಡಿ ಕಲಿತ ತಂಗಿ ಗಣಪತಿ ಹಬ್ಬದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಸ್ಟೂಲಿನ ಮೇಲೆ ಕೂತು ಬಾರಿಸತೊಡಗಿದರು. ಮದುವೆಯಾಗಿ ಅಕ್ಕೋಳಕ್ಕೆ ಬಂದಾಗ ಅತ್ತೆ ಆ ಗಿಟಾರನ್ನು ಅಟ್ಟಕ್ಕೆ ಹಾಕಿಸಿದರು. ಮೌಶಿ ಜಗಳಾಡಲಿಲ್ಲ. ಹೊಲಿಗೆಗೆ ಬಂದಿದ್ದ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಬಾಗಿಲಲ್ಲಿಟ್ಟು, "ಗಿಟಾರ ಅಟ್ಟದ ಮ್ಯಾಲ ಇದ್ರ ಮಿಷನ್ನೂ ಅಟ್ಟದ ಮ್ಯಾಲ" ಎಂದರು. ಆ ಮನೆಗೆ ಮಿಷನ್ನು ಬೇಕಿತ್ತು. ಗಿಟಾರು ಕೆಳಗಿಳಿಯಿತು. ಅತ್ತೆ ಹೋದ ಮೇಲೂ, ಗಂಡ ಹೋದ ಮೇಲೂ ಅದು ಮೇಜು ಬಿಟ್ಟು ಅಲ್ಲಾಡಲಿಲ್ಲ. ಬಟ್ಟೆ ಹರಡಲು ಜಾಗ ಸಾಲದಿದ್ದರೆ ಮೌಶಿ ಬಟ್ಟೆಯನ್ನೇ ಮಡಚಿಕೊಳ್ಳುತ್ತಿದ್ದರು.

ನಾನು ದಿನಚರಿ ಬರೆಯುವವಳು. ಎಮ್ಮೆ ಎಷ್ಟು ಹಾಲು ಕೊಟ್ಟಿತು, ನಿಪ್ಪಾಣಿ ಬಸ್ಸು ಎಷ್ಟು ಹೊತ್ತಿಗೆ ಬಂತು, ಯಾವ ಗದ್ದೆಯ ಕಬ್ಬು ಯಾವತ್ತು ಕಾರ್ಖಾನೆಗೆ ಹೋಯಿತು, ಎಲ್ಲಕ್ಕೂ ತಾರೀಖು ಹಾಕಿ ಬರೆಯುವುದು ನನಗೆ ಹತ್ತನೆಯ ತರಗತಿಯಿಂದ ಅಂಟಿದ ಚಟ. ಹಾಗಾಗಿ ಅವರ ಮನೆಗೆ ಗಿಟಾರು ಹೊತ್ತುಕೊಂಡು ಹೋದ ದಿನ ಗೊತ್ತಿದೆ: ದೀಪಾವಳಿ ಪಾಡ್ಯದ ಮರುದಿನ. ಕಾಲೇಜಿನ ಗೆಳತಿಯೊಬ್ಬಳು ಬೇಸತ್ತು ಬಿಟ್ಟಿದ್ದ ಗಿಟಾರು ಅದು. ಮೊಬೈಲ್ ನೋಡಿ ಕಲಿಯುತ್ತಿದ್ದೆ. ಒಂದು ತಂತಿ ಗುಂಯ್ ಎನ್ನುತ್ತಿತ್ತು, ಅದನ್ನು ಸರಿಮಾಡಿಸಿಕೊಳ್ಳಲು ಹೋದೆ.

"ಏನೇನ ಬರತೈತಿ?" ಎಂದರು.

"ಮೇಜರ್ ಸ್ಕೇಲ್ ಬರತೈತ್ರಿ ಮೌಶಿ. ಜಿ, ಸಿ, ಡಿ ಕಾರ್ಡ್ ಬರತಾವ."

"ಹಾಡ?"

"ಹಾಡ ಇನ್ನೂ ಇಲ್ರಿ."

"ಹಂಗಾರ ಗುಂಡಿ ಕಾಜಾ ಅಷ್ಟ ಕಲತಿ ಪೋರಿ. ಬ್ಲೌಸ್ ಇನ್ನೂ ಕತ್ತರಿಸೇ ಇಲ್ಲ."

ದಿನಚರಿಯಲ್ಲಿ ಅವತ್ತು ಒಂದೇ ಸಾಲು ಇದೆ: "ಮೌಶಿ ಬೈದರು. ನಾಳೆ ಮತ್ತೆ ಹೋಗುವುದು."

ಮರುದಿನ ಅವರು ನನ್ನ ಗಿಟಾರಿನ ದಪ್ಪನೆಯ ಎರಡು ತಂತಿಗಳನ್ನು ಸಡಿಲಿಸಿ, ಒಂದನ್ನು ಜಿ ಸ್ವರಕ್ಕೂ ಇನ್ನೊಂದನ್ನು ಡಿ ಸ್ವರಕ್ಕೂ ತಂದರು. ಷಡ್ಜ ಮತ್ತು ಪಂಚಮ. "ಇದು ಹೊಸ್ತಿಲ. ಹೆಬ್ಬೆರಳ ಇಲ್ಲೇ ಬಡೀತಿರಲಿ. ಉಳದ ಬೆರಳ ಎಲ್ಲೆರ ತಿರಗಲಿ, ಬರೂದು ಇಲ್ಲಿಗೇ" ಎಂದರು. ಹಾರ್ಮೋನಿಯಂನ ಕೀಲಿಗಳಲ್ಲಿ ಈ ಜಿ ಸ್ವರ ಐದನೆಯ ಬಿಳಿ ಮನೆ. ಅದನ್ನು ಷಡ್ಜ ಮಾಡಿಕೊಂಡು ಕಪ್ಪು ಮನೆ ಒಂದನ್ನೂ ಮುಟ್ಟದೆ ಬಿಳಿಯವುಗಳ ಮೇಲಷ್ಟೇ ನಡೆದರೆ ಏನು ಹುಟ್ಟುತ್ತದೋ ಅದೇ ಅವರ ಮೊದಲ ಪಾಠ.

ನನಗೆ ಒಂದು ಸೂತ್ರ ಗೊತ್ತಿತ್ತು: ಬರೀ ಬಿಳಿ ಮನೆ ಅಂದರೆ ಸಿ ಮೇಜರ್. ಹಾಗಾಗಿ ಎಲ್ಲಿಂದ ಹೊರಟರೂ ನನ್ನ ಬೆರಳು ಕೊನೆಗೆ ಸಿ ಸ್ವರಕ್ಕೆ ಹೋಗಿ ದಣಿವಾರಿಸಿಕೊಳ್ಳುತ್ತಿತ್ತು. ಪ್ರತಿ ಸಲ ಹಾಗಾದಾಗ ಮೌಶಿ ಟೇಲರ್ ಚಾಕಿನಿಂದ ಮೇಜಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಮೊದಲ ಸಂಜೆ ಹನ್ನೊಂದು ಗೆರೆ. ಅವನ್ನು ನಾನು ದಿನಚರಿಗೆ ಇಳಿಸಿಕೊಳ್ಳುವುದನ್ನು ಕಂಡು, "ತಪ್ಪನೂ ಜಮಾ ಮಾಡಿ ಇಡತಾಳ ನೋಡ" ಎಂದು ಬ್ಲೌಸಿಗೆ ಅಳತೆ ಕೊಡಲು ಬಂದಿದ್ದ ಹೆಂಗಸಿಗೆ ಹೇಳಿ ನಕ್ಕರು.

"ಸ್ವರ ಅವಽ ಏಳು ಅಲ್ರಿ ಮೌಶಿ? ಸಿ ಅಂದ್ರೇನ, ಜಿ ಅಂದ್ರೇನ?"

ಅವರು ಮಿಷನ್ನಿನ ಗಾಲಿ ನಿಲ್ಲಿಸಿದರು. "ದಿನಾ ಮುಂಜಾನೆ ನೀ ಬಸ್ಸಿನ್ಯಾಗ ನಿಪ್ಪಾಣಿಗೆ ಹೋಗ್ತಿ. ಅದಽ ಬಸ್ಸ ಹತ್ತಿ ನಿಪ್ಪಾಣಿ ಟೀಚರ್ ಇಲ್ಲಿ ಸಾಲಿಗೆ ಬರತಾಳ. ರೋಡ ಒಂದಽ. ಗಿಡಾ ಅವಽ, ಸ್ಟಾಪ್ ಅವಽ. ಸಂಜಿಗೆ ಇಬ್ಬರೂ ಒಂದಽ ಮನಿಗೆ ಹೋಗ್ತೀರೇನ?"

ಅವತ್ತಿನಿಂದ ಗೆರೆಗಳು ಕಡಿಮೆಯಾದವು.

ಜಿ ಸ್ವರದಿಂದ ಬಿಳಿ ಮನೆಗಳ ಮೇಲಷ್ಟೇ ನಡೆಯುವ ಆ ಸ್ವರಸಾಲಿಗೆ ಮಿಕ್ಸೋಲಿಡಿಯನ್ ಎಂಬ ಹೆಸರಿದೆ ಎಂದು ಮೊಬೈಲಿನಲ್ಲಿ ಕಂಡುಹಿಡಿದು ಓಡಿಬಂದು ಹೇಳಿದೆ. ಮೌಶಿ ಆ ಹೆಸರನ್ನು ಎರಡು ಸಲ ಹೇಳಿಸಿದರು. "ಔಷಧ ಅಂಗಡಿ ಹೆಸರ ಇದ್ದಂಗೈತಿ. ಊಟಕ್ಕ ಮೊದಲೋ ಆಮ್ಯಾಲೋ?" ಎಂದರು. ಆದರೆ ಹೆಸರನ್ನು ಮರೆಯಲಿಲ್ಲ. ನಾಲ್ಕು ದಿನದ ಮೇಲೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, "ನಿನ್ನ ಲಿಡಿಯನ್ ತಗೀ ಇವತ್ತ" ಎಂದು ಕರೆದರು.

ಅವರು ಹಾಕಿದ ಕಟ್ಟುಪಾಡು ಒಂದೇ. ನಾನು ಕಲಿತಿದ್ದ ಮೂರು ಕಾರ್ಡುಗಳಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ, ಡಿ ಮುಟ್ಟುವಂತಿಲ್ಲ. ಅದರ ಬದಲು ಎಫ್. ತೋರುಬೆರಳನ್ನು ಮಲಗಿಸಿ ಎರಡು ತಂತಿ ಒಟ್ಟಿಗೆ ಅದುಮಬೇಕಾದ ಆ ಎಫ್ ನನ್ನ ಬೆರಳನ್ನು ಕೊಯ್ಯುತ್ತಿತ್ತು. ಡಿ ಯಾಕೆ ಬೇಡ ಎಂದು ಕೇಳಿದೆ. ಮೊದಲ ತಂತಿಯ ಎರಡನೆಯ ಫ್ರೆಟ್ಟನ್ನು, ಕತ್ತಿನ ಮೇಲಿನ ಎರಡನೆಯ ಲೋಹದ ಗೆರೆಯ ಜಾಗವನ್ನು, ಒತ್ತಿ ಮೀಟಿ ತೋರಿಸಿದರು. ಅದು ಡಿ ಕಾರ್ಡಿನಲ್ಲಿರುವ ಸ್ವರ, ನಮ್ಮ ಲೆಕ್ಕದಲ್ಲಿ ಶುದ್ಧ ನಿಷಾದ. "ಕೇಳ. ಇದರ ಕುತ್ತಿಗಿ ಮ್ಯಾಲ ಐತಿ. ಷಡ್ಜ ಕರದ್ರ ಸಾಕು, ಓಡಿ ಹೋಗಿ ಕಾಲಿಗೆ ಬೀಳತೈತಿ." ಆಮೇಲೆ ಬೆರಳನ್ನು ಒಂದು ಫ್ರೆಟ್ ಹಿಂದಕ್ಕೆ, ಮೊದಲನೆಯದಕ್ಕೆ ಸರಿಸಿದರು. ಕೋಮಲ ನಿಷಾದ, ಅರ್ಧ ಮೆಟ್ಟಿಲು ಇಳಿದದ್ದು. "ಇದು ನೋಡ. ಇದೂ ಮನಿಗೆ ಹೋಗತೈತಿ. ಖರೆ ಕರದಾಗ ಅಲ್ಲ, ತನಗ ಹೋಗಬೇಕನಿಸಿದಾಗ. ತನ್ನ ಕಾಲಾಗ ನಡಕೊಂತ."

ನಾನಾಗಿ ಸ್ವರ ಹೆಣೆಯುವುದನ್ನೂ ಹೊಲಿಗೆಯ ಹಾಗೆಯೇ ಕಲಿಸಿದರು. ಮೊದಲ ವಾರ ಮೂರೇ ಸ್ವರ. ಹೆಚ್ಚಿಗೆ ಒಂದು ತೆಗೆದರೆ ಸ್ಕೇಲ್ ಪಟ್ಟಿಯಿಂದ ಮೊಣಕೈಗೆ ಏಟು. ನಾನು ಸ್ವರಗಳನ್ನು ಒತ್ತೊತ್ತಾಗಿ ತುಂಬಿದರೆ, "ಹೊಲಗಿ ಒಳಗ ಎರಡ ಬಟ್ಟ ಅರಿವಿ ಬಿಡು. ಹಾಡಾವ್ರು ದಪ್ಪ ಆದಾರು, ಆಗ ಬಿಚ್ಚಾಕ ಬೇಕಾಗತೈತಿ" ಎನ್ನುತ್ತಿದ್ದರು. ಹಾಡುವವರ ಉಸಿರಿಗೆ ಜಾಗ ಬಿಟ್ಟು ಬಾರಿಸು ಎಂಬುದು ಅದರ ಅರ್ಥ. ನಮ್ಮ ಹೆಂಗಸರು ಹಾಡುವುದನ್ನು ಕೇಳಿದ ಮೇಲೆ ಅದು ನನಗೆ ತಿಳಿಯಿತು.

ಓಣಿಯಲ್ಲಿ ಹೆಂಗಸರದೊಂದು ಭಜನಾ ಮಂಡಳಿ ಇತ್ತು. ನನ್ನ ಅವ್ವನೂ ಅದರಲ್ಲಿದ್ದಳು. ಹೆಚ್ಚಿನವರು ಬೀಡಿ ಕಟ್ಟುವವರು. ಮಧ್ಯಾಹ್ನ ಮೌಶಿಯ ಕಟ್ಟೆಯ ಮೇಲೆ ತೊಡೆಯ ಮೇಲೆ ಮೊರ ಇಟ್ಟುಕೊಂಡು, ಎಲೆ ಸುತ್ತುತ್ತಲೇ ಹಾಡುತ್ತಿದ್ದರು. "ಬಾಗಿಲ ತೆರೆದೈತಿ ಬಾರೋ ವಿಠಲಾ" ಎಂಬ ಒಂದು ಪದ ಅವರಿಗೆ ಪ್ರಾಣ. ಆ ಧಾಟಿ ಅವರ ಅವ್ವಂದಿರು ಬೀಡಿ ಕಟ್ಟುತ್ತ ಹಾಡುತ್ತಿದ್ದುದು. ಪ್ರತಿ ಸಾಲಿನ ಕೊನೆಗೆ "ವಿಠಲಾ" ಎನ್ನುವಾಗ ಧ್ವನಿ ಮೇಲೇರಿ ಕೋಮಲ ನಿಷಾದದ ಮೇಲೆ ತುಸು ನಿಂತು, ಸುತ್ತ ನೋಡಿ, ಆಮೇಲೆ ಷಡ್ಜಕ್ಕೆ ಹೋಗುತ್ತಿತ್ತು.

ಮಾಘ ಮಾಸದಲ್ಲಿ ಗುಡಿಯಲ್ಲಿ ಏಳು ದಿನದ ಸಪ್ತಾಹ. ಗಂಡಸರ ಮಂಡಳಿಗಳಿಗೆ ಸಂಜೆಯ ಸರದಿ, ಹೆಂಗಸರಿಗೆ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆ, ಬಿಸಿಲಿಗೆ ನಾಯಿಯೂ ಬಾರದ ಹೊತ್ತು. ಅವರಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಲು ಗಂಡಸರ ಮಂಡಳಿಯಿಂದ ಪೇಟಿ ಮಾಸ್ತರು ಬರುತ್ತಿದ್ದರು. ಊರಿನ ಅರ್ಧ ಮಂದಿಗೆ, ನನ್ನ ಅಪ್ಪನಿಗೂ, ಸ್ವರ ಹೇಳಿಕೊಟ್ಟವರು. ಕಿವಿ ಬಹಳ ಚೊಕ್ಕ. ಆ ವರ್ಷ ತಾಲೀಮಿಗೆ ಬಂದವರು ಹಾಡನ್ನು ಅರ್ಧಕ್ಕೇ ನಿಲ್ಲಿಸಿದರು.

"ನಿಷಾದ ಇಳದೈತಿ. ಏರೂ ಮುಂದ ಶುದ್ಧ ನಿಷಾದ ಬರಬೇಕು. ಖಮಾಜ ರಾಗದಾಗೂ ಹಂಗಽ ಐತಿ. ಇಳೂ ಮುಂದ ಕೋಮಲ ಹಚ್ಚರಿ, ಬ್ಯಾಡ ಅನ್ನೂದಿಲ್ಲ."

ಮೌಶಿ ಗುಂಡಿ ಹಚ್ಚುತ್ತ ಕೂತಿದ್ದರು. "ಖಮಾಜ ಇವರ ಮನಿಗೆ ಬಂದಿಲ್ರಿ ಮಾಸ್ತರ. ಇವರ ಅವ್ವಗೋಳು ಏರೂ ಮುಂದೂ ಇದನ್ನಽ ಹಚ್ಚತಿದ್ರು."

"ಅವರು ಬೀಡಿ ಕಟ್ಟಕೊಂತ ಹಾಡಿದ್ದ ಧಾಟಿ ಮೌಶಿ. ದೇವರ ಮುಂದ ಹಾಡೂದು ಬ್ಯಾರೆ."

ಹೆಂಗಸರೆಲ್ಲ ತಲೆ ತಗ್ಗಿಸಿದರು. ನನ್ನ ಅವ್ವ ಮೊರದಲ್ಲಿ ತಂಬಾಕನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದಳು. ಮೌಶಿ ಹಲ್ಲಿನಿಂದ ದಾರ ಕಡಿದು ಹೇಳಿದರು: "ದೇವರು ಬರೇ ಗುಡ್ಯಾಗ ಕೇಳತಾನೇನ್ರಿ? ಕಟ್ಟಿ ಮ್ಯಾಲ ಕೂತಾಗ ಕಿವಿ ಮುಚ್ಚಕೊಂತಾನೇನ?"

ಮಾಸ್ತರು ಸಿಟ್ಟಾಗಲಿಲ್ಲ. ಪೇಟಿಗೆ ಗಾಳಿ ತುಂಬುವ ಭಾತೆಯನ್ನು ಮೆಲ್ಲಗೆ ಮುಚ್ಚಿದರು. "ತಪ್ಪ ಸ್ವರಕ್ಕ ನಾ ಪೇಟಿ ಹಿಡಿಯೂದಿಲ್ಲ. ಸುಧಾರಿಸಿ ಹೇಳಿ ಕಳಸ್ರಿ, ಬರತೀನಿ" ಎಂದು ಹೋದರು.

ಅವರು ಹೋದ ಮೇಲೆ ಒಬ್ಬಳು, "ಒಂದು ಸ್ವರಕ್ಕ ಯಾಕ ಇಷ್ಟ, ಅವರು ಹೇಳಿದಂಗ ಹಾಡಿ ಬಿಡೂನು" ಎಂದಳು. ಮೌಶಿ ಅವಳನ್ನೇ ಹಾಡಿಸಿದರು. ಅವಳು ಮಾಸ್ತರು ಹೇಳಿದಂತೆ ಹಾಡಿದಳು, ಸರಿಯಾಗಿಯೇ ಹಾಡಿದಳು. "ಚಲೋ ಆತು. ಖರೆ ಯಾರ ಹಾಡಿದ್ರ ಅಂತ ತಿಳೀಲಿಲ್ಲ" ಎಂದಳು ನನ್ನ ಅವ್ವ. ಪೇಟಿಯ ಬದಲು ಗಿಟಾರು ಎಂದು ಅಲ್ಲಿಯೇ ತೀರ್ಮಾನವಾಯಿತು.

ಸಂಕ್ರಾಂತಿ ಕಳೆದು ಆರನೆಯ ದಿನ ಮೌಶಿಗೆ ಲಕ್ವಾ ಹೊಡೆಯಿತು. ನಾಲಿಗೆ ಸ್ವಲ್ಪ ತೊದಲುವುದು ಬಿಟ್ಟರೆ ಮಾತು ಉಳಿಯಿತು. ಎಡಗೈ ಉಳಿಯಲಿಲ್ಲ. ಚಿಕ್ಕೋಡಿಯ ಆಸ್ಪತ್ರೆಯಿಂದ ಬಂದವರು ಮಿಷನ್ನಿನ ಮುಂದೆ ಕೂತು, ಮಡಿಲಲ್ಲಿ ಬಿದ್ದ ಆ ಕೈಯನ್ನು ಬೇರೆಯವರ ಮಗುವನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಸಪ್ತಾಹದ ಮಾತು ಎತ್ತಬಾರದೆಂದು ಅವ್ವ ನನಗೆ ಕಣ್ಸನ್ನೆ ಮಾಡಿದಳು.

"ಗಿಟಾರ ತಗೊಂಬಾ" ಎಂದರು ಮೌಶಿ.

ತಂದುಕೊಟ್ಟೆ. ನನ್ನನ್ನು ಬಲಕ್ಕೆ ಒತ್ತಿಕೊಂಡು ಕೂರಲು ಹೇಳಿ, ಆಮೇಲೆ ಅದು ತಪ್ಪೆಂದು ಎಡಕ್ಕೆ ಕರೆದರು. ಗಿಟಾರು ಇಬ್ಬರ ತೊಡೆಯ ಮೇಲೂ ಬಂತು. ಅದರ ಕತ್ತು ನನ್ನ ಎಡಗೈಯಲ್ಲಿ, ತಂತಿಗಳು ಅವರ ಬಲಗೈಯ ಕೆಳಗೆ. "ನಂದು ಬಲಗೈ ಐತಿ, ನಿಂದು ಎಡಗೈ ಐತಿ. ಒಬ್ಬಾಕಿ ಆತು. ಹಿಡಿ" ಎಂದರು.

ಮೊದಲ ದಿನ ಅದು ಎತ್ತಿನ ಬಂಡಿಗೆ ಎಮ್ಮೆ ಹೂಡಿದಂತಿತ್ತು. ನಾನು ಬೆರಳಿಡುವಷ್ಟರಲ್ಲಿ ಅವರು ಮೀಟಿ ಆಗಿರುತ್ತಿತ್ತು. ಅವರು ಕಾದರೆ ನಾನು ಮುಂದೆ ಹೋಗಿರುತ್ತಿದ್ದೆ. ಎರಡು ವಾರದ ಹೊತ್ತಿಗೆ ಅವರ ಉಸಿರಿನಿಂದಲೇ ಯಾವ ತಂತಿ ಬರುತ್ತದೆ ಎಂದು ನನಗೆ ತಿಳಿಯತೊಡಗಿತು. ಯಾವಾಗ ನುಡಿಯಬೇಕು ಎಂಬುದು ಅವರದು, ಏನು ನುಡಿಯಬೇಕು ಎಂಬುದು ನನ್ನದು. ಮೊಬೈಲಿನ ಯಾವ ಪಾಠದಲ್ಲೂ ಇಲ್ಲದ ಕಲಿಕೆ ಅದು.

ಸಪ್ತಾಹದ ಕೊನೆಯ ದಿನ ಮೂರು ಗಂಟೆಗೆ ಗುಡಿ ತುಂಬಿತ್ತು. ಇಬ್ಬರು ಸೇರಿ ಒಂದು ಗಿಟಾರು ಬಾರಿಸುತ್ತಾರೆ ಎಂಬುದು ಊರಿಗೆಲ್ಲ ಹಬ್ಬಿ, ಗಂಡಸರೂ ಊಟ ಮುಗಿಸಿ ಬಂದಿದ್ದರು. "ಮೌಶಿ, ಇದು ಭಜನಾನೋ ಆರ್ಕೆಸ್ಟ್ರಾನೋ?" ಎಂದು ಒಬ್ಬ ಕೂಗಿದ. "ನೀ ಕುಣಿದ್ರ ಆರ್ಕೆಸ್ಟ್ರಾ, ಕೈ ಮುಗದ್ರ ಭಜನಾ. ಯಾವದ ಮಾಡ್ತಿ ನೋಡೂನು" ಎಂದರು ಮೌಶಿ. ಅವನು ಕೂತ.

ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪಕ್ಕದಿಂದ ಪೇಟಿಯ ಧ್ವನಿ ಬಂತು. ಮಾಸ್ತರು ಮೈಕು ಎಳೆದುಕೊಂಡು ಕೂತಿದ್ದರು. ನಮ್ಮನ್ನು ಕೆಡಿಸಲು ಅಲ್ಲ. ಊರ ಮುಂದೆ ಹೆಂಗಸರು ತಪ್ಪಬಾರದು ಎಂದು ದಾರಿ ತೋರಿಸಲು. "ವಿಠಲಾ" ಬಂದಾಗ ಅವರು ಶುದ್ಧ ನಿಷಾದ ಒತ್ತಿದರು. ಪೇಟಿ ದೊಡ್ಡದು, ಮೈಕು ಅವರದು. ಹೆಂಗಸರ ಧ್ವನಿ ನಡುಗಿತು. ಒಬ್ಬಿಬ್ಬರು ಅತ್ತ ವಾಲಿದರು. ಅವ್ವ ಕಣ್ಣು ಮುಚ್ಚಿಕೊಂಡಳು.

ಮುಂದಿನ ಸಾಲಿನ ಕೊನೆ ಬಂತು. ಮೌಶಿಯ ಹೆಬ್ಬೆರಳು ಹೊಸ್ತಿಲ ತಂತಿಯ ಮೇಲೆ ಬಡಿಯುತ್ತಲೇ ಇತ್ತು. ತೋರುಬೆರಳು ಮೊದಲ ತಂತಿಯ ಮೇಲೆ ಬಂದು ಕಾಯಿತು. ಅವರು ನನ್ನ ಕಡೆ ನೋಡಲಿಲ್ಲ. ಮೀಟುವವರು ಅವರು, ಆದರೆ ಮೊದಲ ಫ್ರೆಟ್ಟೋ ಎರಡನೆಯದೋ ಎಂದು ಹೇಳುವ ಕೈ ಅವರಿಗೆ ಇರಲಿಲ್ಲ. ಆ ಕೈ ನನ್ನದಾಗಿತ್ತು. ನಾನು ಮೊದಲ ಫ್ರೆಟ್ಟನ್ನು ಒತ್ತಿದೆ. ಅವರು ಜೋರಾಗಿ ಮೀಟಿದರು, ತಂತಿ ಕಟ್ಟಿಗೆಗೆ ಬಡಿಯುವಷ್ಟು. ಪೇಟಿಯ ನಿಷಾದಕ್ಕೂ ನಮ್ಮದಕ್ಕೂ ತಿಕ್ಕಾಟ ಎದ್ದು, ಮುಂದೆ ಕೂತಿದ್ದ ಮುದುಕರು ಮುಖ ಕಿವುಚಿದರು. ನಾನು ಷಡ್ಜಕ್ಕೆ ಹೋಗಲಿಲ್ಲ. ಅಲ್ಲೇ ನಿಂತೆ. ಅವರು ಮತ್ತೆ ಮೀಟಿದರು, ಮತ್ತೆ. ಮಾಸ್ತರ ಪೇಟಿ ಮನೆಗೆ ಹೋಗಿ ಕೂತು ಕಾಯುತ್ತಿತ್ತು, ನಾವು ಇನ್ನೂ ದಾರಿಯಲ್ಲಿದ್ದೆವು. ಆಗ ಅವ್ವ ಕಣ್ಣು ತೆರೆದು ಆ ಸ್ವರಕ್ಕೆ ಧ್ವನಿ ಕೂಡಿಸಿದಳು. ಆಮೇಲೆ ಉಳಿದವರು. ನಮಗೆ ಬೇಕೆನಿಸಿದಾಗ ಎಲ್ಲರೂ ಷಡ್ಜಕ್ಕೆ ನಡೆದು ಹೋದೆವು. ನಾಲ್ಕನೆಯ ಸಾಲಿಗೆ ಪೇಟಿ ನಿಂತಿತ್ತು.

ಕೊನೆಗೆ ಮಾಸ್ತರು ಮೈಕಿನಲ್ಲಿ, "ಹೆಣಮಕ್ಕಳ ಪ್ರಯತ್ನ ಚಲೋ ಐತಿ. ನಿಷಾದ ಅಷ್ಟ ಇಳದೈತಿ" ಎಂದು ಸಾರಿದರು. ಅವ್ವನ ಮುಖ ಸಣ್ಣದಾಯಿತು. "ಬರೊಬ್ಬರಿ ಹೇಳ್ಯಾರ" ಎಂದರು ಮೌಶಿ. "ಇಳದೈತಿ ಅನ್ನೂದು ಅವರಿಗೂ ಕೇಳಸೇತಿ ಅಂದ್ರ ನಾವು ಹಾಡೀವಿ ಅಂತನಽ."

ಮಳೆಗಾಲದ ಕೊನೆಗೆ, ಒಂದು ಬುಧವಾರ ಬೆಳಗ್ಗೆ, ಎರಡನೆಯ ಸಲ ಲಕ್ವಾ ಹೊಡೆದು ಮೌಶಿ ತೀರಿಕೊಂಡರು. ಮೇಜಿನ ಮೇಲೆ ಅರ್ಧ ಕತ್ತರಿಸಿದ ಹಸಿರು ಬ್ಲೌಸ್ ಪೀಸು ಇತ್ತು. ಅದರ ಮೇಲೆ ಚಾಕಿನ ಗೆರೆಗಳು ಹಾಗೇ ಇದ್ದವು.

ನಮ್ಮಲ್ಲಿ ಹೆಣ ಎತ್ತುವವರೆಗೆ ಭಜನೆ ಮಾಡುವ ರೂಢಿ. ಗಂಡಸರ ಮಂಡಳಿ ಬಂದು ಅಂಗಳದಲ್ಲಿ ಕೂತಿತು. ಹೆಂಗಸರು ಕಟ್ಟೆಯ ಮೇಲೆ. ನಾನು ಹೆಣದ ಬಳಿ ಕೂತು ಅವರ ಎಡಗೈ ಹಿಡಿದು ನೋಡಿದೆ. ಎಂಟು ತಿಂಗಳು ತಂತಿ ಮುಟ್ಟದ ಆ ಬೆರಳ ತುದಿಗಳು ದಡ್ಡು ಸುಲಿದುಹೋಗಿ, ಎಳೆಯ ಮಗುವಿನ ಬೆರಳಷ್ಟು ಮೆತ್ತಗಾಗಿದ್ದವು. ಒಳಗೆ ಹೋಗಿ ಬಳ್ಳಿ ಕೆತ್ತಿದ ಗಿಟಾರನ್ನು ಎತ್ತಿಕೊಂಡು ಬಂದು ಅವ್ವನ ಪಕ್ಕ ಕೂತೆ. ಯಾರೋ, "ಈಗ್ಯಾಕವ್ವಾ ಅದು" ಎಂದರು. ಅವ್ವ, "ಈಗಽ ಅದು" ಎಂದಳು.

ಪೇಟಿ ಮಾಸ್ತರು ಭಾತೆ ಬಿಚ್ಚಿ ನನ್ನ ಕಡೆ ನೋಡಿದರು. "ಯಾವ ಪಟ್ಟಿ? ಷಡ್ಜ ಎಲ್ಲೈತಿ?"

"ಬಿಳಿ ಐದ್ರಿ."

ಅವರು ಷಡ್ಜ ಪಂಚಮ ಎರಡನ್ನೇ ಒತ್ತಿ ಹಿಡಿದರು. ಹಾಡು ಮುಗಿಯುವವರೆಗೆ ಬೇರೆ ಮನೆಯ ಕಡೆ ಅವರ ಬೆರಳು ಹೋಗಲಿಲ್ಲ. ಆ ಹಾಡಿಗೆ ನಾನು ಮೊದಲ ಸಲ ಎರಡು ಕೈಯನ್ನೂ ಒಬ್ಬಳೇ ಆಡಿಸಿದೆ. ಹೆಬ್ಬೆರಳು ಹೊಸ್ತಿಲ ಮೇಲೆ ಬಡಿಯಿತು. ಸಾಲುಗಳ ನಡುವೆ ನನಗೆ ತೋಚಿದ್ದನ್ನು ಬಾರಿಸಿದೆ, ಉಸಿರಿಗೆ ಜಾಗ ಬಿಟ್ಟೆ. ಕೊನೆಯ "ವಿಠಲಾ"ಕ್ಕೆ ಹೆಂಗಸರೆಲ್ಲ ಆ ಇಳಿದ ಸ್ವರದ ಮೇಲೆ ಬಂದು ನಿಂತರು. ಅಳುತ್ತಿದ್ದರು, ಆದರೆ ಸ್ವರ ಅಲ್ಲಾಡಲಿಲ್ಲ. ಎಷ್ಟು ಹೊತ್ತು ನಿಂತೆವೋ ನಾನು ಬರೆದಿಟ್ಟಿಲ್ಲ.

ಹೆಣ ಎತ್ತುವ ಮೊದಲು ಮಾಸ್ತರು ಪೇಟಿ ಮುಚ್ಚಿ ಎದ್ದರು. ನನ್ನ ಮುಂದೆ ಬಂದು ನಿಂತು, ಮೌಶಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು:

"ನಿಷಾದ ಇವತ್ತೂ ಇಳದಽ ಇತ್ತು."

"ಹೌದ್ರಿ ಮಾಸ್ತರ" ಎಂದೆ. "ನಾಳೆನೂ ಇಳದಽ ಇರತೈತಿ."